ಬಸ್ ಸ್ಟ್ಯಾಂಡ್ ಇದ್ದ ಸವತಿ

ನಮ್ಮವರಿಗೆ ಒಂದು ಹಳೆಯ ಸಂಬಂಧವಿತ್ತು. ಗುಟ್ಟೇನಲ್ಲ, ಲಂಡನ್ನಿನ ರೇನರ್ಸ್ ಲೇನಿನ ಕನ್ನಡದ ಮನೆಗಳಿಗೆಲ್ಲ ಗೊತ್ತಿದ್ದ ವಿಷಯ. ಆಕೆಯ ಸೊಬಗು ಕೇಳಿ: ಮುಚ್ಚಿದ ಎರಡು ಬಟ್ಟೆ ಗಿರಣಿ, ಒಂದು ಕಾಲುವೆ, ಕಾಲುವೆಯಲ್ಲಿ ಮುಳುಗಿದ ಒಂದು ತಳ್ಳುಗಾಡಿ, ಮತ್ತು ಒಂದು ಬಸ್ ಸ್ಟ್ಯಾಂಡು. ಹೌದು, ನನ್ನ ಸವತಿ ಇಂಗ್ಲೆಂಡಿನ ಉತ್ತರದ ಒಂದು ಊರು!

ಮದುವೆಗೆ ಮುಂಚೆ ನಮ್ಮವರು ಆ ಊರಿನ ಆಸ್ಪತ್ರೆಯಲ್ಲಿ ಮೂರು ವರ್ಷ ಡಾಕ್ಟರಾಗಿದ್ದರು. ತೊಂಬತ್ತೆರಡರಲ್ಲಿ ನಾನು ಧಾರವಾಡದಿಂದ ಬರುವ ಹೊತ್ತಿಗೆ ಅವರ ಕೆಲಸ ಲಂಡನ್ನಿಗೆ ಬದಲಾಗಿತ್ತು. ಮನಸ್ಸಿಗೆ ಮಾತ್ರ ಇನ್ನೂ ವರ್ಗವಾಗಿರಲಿಲ್ಲ. ಗಂಡನ ಹೆಸರು ಹೇಳಬಾರದು ಎಂದು ನಮ್ಮ ಮನೆಯಲ್ಲಿ ಕಲಿಸಿದ್ದರು. ಮದುವೆಯ ದಿನ ಎಲ್ಲರೂ ಒತ್ತಾಯ ಮಾಡಿದಾಗ ಪ್ರಾಸ ಕೂಡಿಸಿ ಒಡಪಿನಲ್ಲಿ ಒಮ್ಮೆ ಹೇಳಿದ್ದೆ, ಅಷ್ಟೇ. ಆ ಊರಿನ ಹೆಸರನ್ನೂ ನಾನು ಹೇಳುತ್ತಿರಲಿಲ್ಲ. ಮೊದಲನೆಯದು ಮರ್ಯಾದೆಗೆ, ಎರಡನೆಯದು ಹೊಟ್ಟೆಕಿಚ್ಚಿಗೆ.

ಸಂಜೆ ಟೀವಿಯಲ್ಲಿ ಹವಾಮಾನದ ನಕ್ಷೆ ಬಂದಾಗ ಮನೆಯಲ್ಲಿ ಸೌಟಿನ ಸದ್ದೂ ಆಗುವಂತಿರಲಿಲ್ಲ. ಲಂಡನ್ನಿನ ಮೇಲೆ ಬಿಸಿಲಿದೆಯೋ ಬಿರುಗಾಳಿಯಿದೆಯೋ, ಯಾರಿಗೆ ಬೇಕು?

“ನೋಡಿಲ್ಲೆ, ನಮ್ಮೂರಾಗ ನಾಳೆ ಆರು ಡಿಗ್ರಿ. ಮಳೀನೂ ಅದ,” ಎನ್ನುತ್ತಿದ್ದರು, ಮನೆಯ ಹುಡುಗಿಗೆ ರ‍್ಯಾಂಕ್ ಬಂದವರಂತೆ.

“ನಿಮ್ಮೂರು ಧಾರವಾಡ ಅಲ್ಲೇನ್ರೀ?”

“ಅದು ಹುಟ್ಟಿದೂರು. ಇದು ನಾ ಆರಿಸ್ಕೊಂಡದ್ದು.”

ನನ್ನನ್ನು ಆರಿಸಿದ್ದು ಅವರ ಅವ್ವ. ಈ ವ್ಯತ್ಯಾಸ ನನ್ನ ಗಮನಕ್ಕೆ ಬಾರದೆ ಇರಲಿಲ್ಲ.

ಆ ಊರಿಗೆ ಒಂದು ಫುಟ್‌ಬಾಲ್ ತಂಡವೂ ಇತ್ತು. ಸೋಲುವುದನ್ನು ಅಷ್ಟು ಶ್ರದ್ಧೆಯಿಂದ ಮಾಡುವ ತಂಡವನ್ನು ನಾನು ಬೇರೆ ಕಂಡಿಲ್ಲ. ನನಗೆ ಜ್ವರ ಬಂದರೆ “ಎರಡು ಪ್ಯಾರಾಸಿಟಮಾಲ್ ತಗೊಂಡು ಮಲ್ಕೋ” ಎನ್ನುವ ಡಾಕ್ಟರು, ಅಲ್ಲಿಯ ಗೋಲ್‌ಕೀಪರನ ಮೊಣಕಾಲು ಉಳುಕಿದರೆ ಊಟ ಬಿಡುತ್ತಿದ್ದರು.

ಮದುವೆಯಾಗಿ ಒಂದು ವರ್ಷ ತುಂಬಿದಾಗ ಗ್ರೀನ್‌ಫರ್ಡಿನ ನನ್ನ ಗೆಳತಿಯೊಬ್ಬಳು ಗಂಡನ ಜೊತೆ ಪ್ಯಾರಿಸ್ಸಿಗೆ ಹೊರಟಿದ್ದಳು. ನನ್ನನ್ನೂ ಎಲ್ಲಿಗೋ ಕರೆದೊಯ್ಯುತ್ತೇನೆ ಎಂದರು ನಮ್ಮವರು. ರೇಷ್ಮೆ ಸೀರೆ ಉಟ್ಟು ಹೊರಟೆ. ನಾಲ್ಕು ತಾಸು ಪ್ರಯಾಣ ಮಾಡಿ ಇಳಿದದ್ದು ಆ ಬಸ್ ಸ್ಟ್ಯಾಂಡಿನಲ್ಲಿ. ಒಂದು ಕಬ್ಬಿಣದ ಬೆಂಚಿನ ಮೇಲೆ ಕೂರಿಸಿದರು.

“ಇಲ್ಲೆ ಕುಂತ್ರ ನಾಲ್ಕೂ ಕಡೆಯಿಂದ ಗಾಳಿ ಬರ್ತದ ನೋಡು.”

“ಬಾಗಲಾ ಹಚ್ಚಿದ್ರ ಬರ್ತಿರಲಿಲ್ಲ.”

ಎದುರಿನ ಚಿಪ್ಸ್ ಅಂಗಡಿಯ ದಪ್ಪ ಹೆಂಗಸು ಅವರನ್ನು ಕಂಡಕೂಡಲೇ “ಲವ್” ಎಂದು ಕೂಗಿದಳು. ವರ್ಷವಿಡೀ ಸಂಸಾರ ಮಾಡಿದರೂ ನನ್ನ ಬಾಯಲ್ಲಿ ಬಾರದ ಮಾತು ಅದು. “ಇಲ್ಲೆ ಎಲ್ಲಾರಿಗೂ ಹಂಗ ಅಂತಾರ,” ಎಂದು ನಮ್ಮವರು ಕಿವಿ ಕೆಂಪಗೆ ಮಾಡಿಕೊಂಡರು. ಅಷ್ಟರಲ್ಲಿ ಆಕೆ ನನ್ನ ಕಡೆ ತಿರುಗಿ, ವಿನೆಗರ್ ಹಾಕಲೇ ಲವ್, ಎಂದಳು. ಇಂಗ್ಲೆಂಡಿನಲ್ಲಿ ನನ್ನನ್ನು ಮೊದಲು ಹಾಗೆ ಕರೆದದ್ದು ನನ್ನ ಸವತಿಯ ಕಡೆಯವಳು! ಅವಳು ಬಡಿಸಿದ ಬಟಾಣಿಯೋ, ಯಾರದೋ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಬೇಯಿಸಿ ಜಜ್ಜಿದಂತಿತ್ತು. ಅಂದಿನಿಂದ ನಮ್ಮವರಿಗೆ ಜೋಳದ ರೊಟ್ಟಿಯ ಜೊತೆಗೂ ಅದೇ ಬಟಾಣಿ ಬೇಕಾಯಿತು. ನನ್ನ ಎಣ್ಣೆಗಾಯಿ ತಣ್ಣಗಾಗುತ್ತ ಕೂತಿರುತ್ತಿತ್ತು.

ನಾನು ಸುಮ್ಮನಿದ್ದೆನೇ? ಹಬ್ಬಕ್ಕೆ ಸೇರಿದಾಗೆಲ್ಲ ಆ ಊರಿನ ಮರ್ಯಾದೆ ತೆಗೆದೆ. ಅಲ್ಲಿ ಪಾರಿವಾಳಗಳೂ ಬೇರೆ ಊರಿಗೆ ಅರ್ಜಿ ಹಾಕಿವೆ ಎಂದೆ. ಕೊತ್ತಂಬರಿ ಕೇಳಿದರೆ ಪೊಲೀಸರನ್ನು ಕರೆಯುತ್ತಾರೆ ಎಂದೆ. ಹದಿನೈದು ವರ್ಷ ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನಮ್ಮವರೇ.

ಹೋದ ನವೆಂಬರಿನಲ್ಲಿ ಅವರು ತೀರಿಕೊಂಡರು.

ಆಸ್ಪತ್ರೆಯಲ್ಲಿ ಕೊನೆಯ ಸಂಜೆ ಕಣ್ಣು ತೆರೆದು, “ನಮ್ಮೂರಾಗ ಎಷ್ಟದ?” ಎಂದರು. ಎರಡು ದಿನ ಮಂಚದ ಪಕ್ಕದಲ್ಲೇ ಕೂತಿದ್ದೆ. ನನ್ನನ್ನು ಉಂಡೆಯಾ ಎಂದು ಕೇಳದೆ ಆಕೆಯನ್ನು ವಿಚಾರಿಸಿದರಲ್ಲ! “ನೋಡಿಲ್ಲ,” ಎಂದೆ. ನೋಡಿದ್ದೆ. ನಾಲ್ಕು ಡಿಗ್ರಿ. ಬೆಳಗ್ಗೆ ಹೇಳಿದರಾಯಿತು ಅಂದುಕೊಂಡಿದ್ದೆ.

ಈ ಯುಗಾದಿಗೆ ಹ್ಯಾರೋದ ಶಾಲೆಯೊಂದರ ಹಾಲ್‌ನಲ್ಲಿ ಎಲ್ಲರೂ ಸೇರಿದ್ದರು. ಹೋಗಬಾರದು ಅಂದುಕೊಂಡೇ ಹೋದೆ. ಬೆಳಗಾವಿಯಿಂದ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳಿಂದ ಹೆಂಗಸರು ಒಡಪು ಹೇಳಿಸುತ್ತಿದ್ದರು. ಆಕೆ ನಾಚುತ್ತ ಗಂಡನ ಹೆಸರು ಹೇಳಿದಳು. ಅವನಿಗೆ ಯಾವ ಊರಿನಲ್ಲಿ ಕೆಲಸ ಎಂದು ಕೇಳಿದರು. ಆ ಊರು!

“ಅಯ್ಯೋ, ಅಲ್ಲಿಗಾ? ಅಲ್ಲಿ ಪಾರಿವಾಳಾನೂ ಇರಲ್ಲ ಕಣಮ್ಮ,” ಎಂದಳು ಮೈಸೂರಿನ ನನ್ನ ಗೆಳತಿಯೊಬ್ಬಳು. “ಕೊತ್ತಂಬರಿ ಕೇಳಿದ್ರೆ ಪೊಲೀಸ್ ಬರ್ತಾರಂತೆ.”

ಎಲ್ಲರೂ ನಕ್ಕರು. ಹುಡುಗಿಯ ಕಣ್ಣು ತುಂಬಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಯಾರಂದ್ರು? ಬಸ್ ಸ್ಟ್ಯಾಂಡಿನ ಹಿಂದ ಒಂದು ಅಂಗಡಿ ಅದ, ಕಟ್ಟುಗಟ್ಟಲೆ ಕೊತ್ತಂಬರಿ ಸಿಗ್ತದ. ಭಾಳ ಛಲೋ ಊರದು.”

“ನೀನೇ ಅಲ್ವೇನೇ ಇಷ್ಟು ದಿನ ಹೇಳ್ತಿದ್ದಿದ್ದು?”

ನಾನೇ. ಈಗ ನೋಡಿದರೆ ಹೊಟ್ಟೆಕಿಚ್ಚು ಆ ಹುಡುಗಿಯ ಮೇಲೆ ತಿರುಗಿತ್ತು. ಇವಳು ಆ ಬೆಂಚಿನ ಮೇಲೆ ಗಂಡನ ಪಕ್ಕ ಕೂರುತ್ತಾಳೆ. ನಾಲ್ಕೂ ಕಡೆಯ ಗಾಳಿ ಇವಳಿಗೆ ಸಿಗುತ್ತದೆ.

ಹುಡುಗಿ ಕಣ್ಣೊರೆಸಿಕೊಂಡು ನಕ್ಕಳು. “ಆಂಟಿ, ನೀವೂ ಒಂದು ಒಡಪು ಹೇಳ್ರಿ.”

ಗಂಡ ಹೋದವಳಿಗೆ ಯಾರೂ ಒಡಪು ಹೇಳು ಅನ್ನುವುದಿಲ್ಲ. ಪಾಪ, ನಮ್ಮವರು ಹೋದದ್ದು ಅವಳಿಗೆ ಗೊತ್ತಿರಲಿಲ್ಲ. ಮೈಸೂರಿನ ಗೆಳತಿ ಅವಳ ಕೈ ಹಿಡಿದು ಏನೋ ಹೇಳಲು ಹೋದಳು. ನಾನೇ ತಡೆದೆ.

ಹೇಳಿದೆ. ಊರಿನ ಹೆಸರು ಹಿಡಿದು, ಅಲ್ಲಿ ನಾಲ್ಕು ಡಿಗ್ರಿ ಚಳಿ ಇದೆ ಎಂದೆ. ಅದರ ಬೆನ್ನಿಗೇ ನಮ್ಮವರ ಹೆಸರು. ಪ್ರಾಸ ಕೂಡಲಿಲ್ಲ.