ಕಾಕಾ ಕಲಿತು ಬಂದ ಮಾತು

ಇದರಲ್ಲಿ ಕೆಲವು ವಿವರಗಳನ್ನು ನಾನೇ ಸೇರಿಸಿರಬಹುದು. ಆ ದಿನಗಳ ಡೈರಿಯಲ್ಲಿ ಎರಡೇ ಪುಟ ಬರೆದಿದ್ದೇನೆ, ಅದರಲ್ಲಿ ಒಂದು ಸಾರಿನ ಪುಡಿಯ ಅಳತೆ. ಆದರೆ ಇಷ್ಟು ಖಚಿತ: ಇಡೀ ಧಾರವಾಡದಲ್ಲಿ ನನ್ನ ಕಾಕಾನಷ್ಟು ಲಕ್ಷ್ಯಕೊಟ್ಟು ಮಾತು ಕೇಳುವವರು ಇನ್ನೊಬ್ಬರಿಲ್ಲ, ಅವರೊಡನೆ ಮಾತಾಡಿ ದಣಿಯದವರೂ ಇಲ್ಲ.

ನಿವೃತ್ತರಾದ ಮೇಲೆ ಕಾಕಾ ಮೂರು ದಿನದ ಒಂದು ಶಿಬಿರಕ್ಕೆ ಹೋಗಿ ಬಂದರು. ಮಂದಿಯೊಡನೆ ಹೇಗೆ ಮಾತಾಡಬೇಕು ಅಂತ ಕಲಿಸುವ ಶಿಬಿರ. ಎದುರಿನವರು ಹೇಳಿದ್ದನ್ನು ಮೊದಲು ನಮ್ಮ ಮಾತಿನಲ್ಲಿ ಮರಳಿ ಹೇಳಬೇಕು, ‘ಹೌದಲ್ಲ?’ ಅಂತ ಕೇಳಬೇಕು, ಅವರು ಹೂಂ ಅಂದ ಮೇಲಷ್ಟೇ ಉತ್ತರ ಕೊಡಬೇಕು. ಕಾಕಾ ಇಷ್ಟೆಲ್ಲ ಕಲಿತದ್ದು ಒಬ್ಬರ ಸಲುವಾಗಿ. ಅವರ ಅಣ್ಣ, ಅಂದರೆ ನನ್ನ ಅಪ್ಪ.

ಆಯಿ, ಅಂದರೆ ಅವರಿಬ್ಬರ ತಾಯಿ, ತೀರಿಕೊಂಡಂದಿನಿಂದ, ನಾಲ್ಕು ವರ್ಷ, ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಆಯಿ ಧಾರವಾಡದ ಕೆಲಗೇರಿಯಲ್ಲಿರುವ ಕಾಕಾನ ಮನೆಯಲ್ಲಿ ಹಾಸಿಗೆ ಹಿಡಿದಾಗ ಅಪ್ಪನಿಗೆ ಸುದ್ದಿ ಎರಡು ದಿನ ತಡವಾಗಿ ಮುಟ್ಟಿತ್ತು. ಆಗಷ್ಟೇ ಆಪರೇಷನ್ ಆಗಿದ್ದ ಅಣ್ಣ ಗಾಬರಿಯಾದಾನು ಅಂತ ಕಾಕಾ ಹೇಳದೇ ತಡೆದಿದ್ದರು.

ಅಣ್ಣನ ಎದುರು ಹೋಗುವ ಮೊದಲು ರೂಢಿ ಬೇಕಲ್ಲ? ಪಾಪ, ಹಾಲಿನವನು ಸಿಕ್ಕ.

“ಸರ, ಇವತ್ತ ಎಮ್ಮಿ ಹಾಲಿಲ್ರಿ.”

“ಅಂದ್ರ, ಆಕಳ ಹಾಲು ಅಷ್ಟ ಐತಿ. ಹೌದಲ್ಲ?”

“ಆಕಳದೂ ಇಲ್ರಿ.”

“ಅಂದ್ರ, ಬರೇ ಹೇಳಿ ಹೋಗಾಕ ಬಂದೀರಿ. ಹೌದಲ್ಲ?”

ಮರುದಿನದಿಂದ ಅವನು ಹಾಲಿನ ಪಾಕೀಟನ್ನು ಗೇಟಿಗೆ ತೂಗುಹಾಕಿ, ಬೆಲ್ ಒತ್ತದೆ ಹೋಗತೊಡಗಿದ.

ಆಮೇಲೆ ಕಾಕಾನ ಹೆಂಡತಿ, ನಮ್ಮ ಕಾಕುನ ಪಾಳಿ. “ಲಗೂನ ಕೊತ್ತಂಬರಿ ತರ್ರಿ,” ಅಂದರಂತೆ ಅವರು.

“ಕೊತ್ತಂಬರಿ ಇಲ್ಲಂತ ನಿನಗ ಬ್ಯಾಸರ ಆಗೇತಿ. ಹೌದಲ್ಲ?”

“ಈ ಬ್ಯಾಸರ ಕೊತ್ತಂಬರಿದಲ್ರಿ. ಮೂವತ್ತೈದು ವರ್ಷದ್ದು.”

ಕಾಕಾ ಅದನ್ನೂ ತಪ್ಪದೆ ಮರಳಿ ಹೇಳಿದರಂತೆ. ಕಾಕು ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತರಂತೆ. ಅವತ್ತು ಅವರ ಮನೆಯಲ್ಲಿ ಊಟವಾದದ್ದು ಮೂರು ಗಂಟೆಗೆ.

ಇಷ್ಟು ಪಳಗಿದ ಮೇಲೆ ಒಂದು ರವಿವಾರ ಕಾಕಾ ಹುಬ್ಬಳ್ಳಿಗೆ, ನಮ್ಮ ಮನೆಗೆ ಬಂದರು. ನಾನು ಚಹಾ ತಂದಿಟ್ಟೆ. ಅಪ್ಪ ಪೇಪರಿನಿಂದ ಮುಖ ತೆಗೆಯದೆ ನನಗೆ ಹೇಳಿದರು: “ಯಾಕ ಬಂದಾನ ಕೇಳು.”

“ಅಂದ್ರ, ನನ್ನ ಕೂಡ ಮಾತು ಬ್ಯಾಡ, ಆದ್ರ ಯಾಕ ಬಂದೆ ಅನ್ನೂದು ಗೊತ್ತಾಗಬೇಕು. ಹೌದಲ್ಲ, ಅಣ್ಣಾ?”

ನನಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ. ಪೇಪರು ಮಡಿಚಿಟ್ಟರು.

“ನಾ ಬರೂದ್ರಾಗ ಅವ್ವಗ ಎಚ್ಚರ ತಪ್ಪಿತ್ತು.”

“ಅಂದ್ರ,” ಅಂದರು ಕಾಕಾ. “ಅಂದ್ರ, ನಾ ಅವತ್ತ ಫೋನ್ ಮಾಡಿದ್ರ ನೀ ಅವ್ವನ ಕೂಡ ಮಾತಾಡ್ತಿದ್ದಿ. ಆಕಿನೂ ಮಾತಾಡ್ತಿದ್ಲು.”

‘ಹೌದಲ್ಲ’ ಅನ್ನಲು ಅವರಿಂದ ಆಗಲಿಲ್ಲ. ಆಪರೇಷನ್ನಿನ ಮಾತು, ಗಾಬರಿಯ ಮಾತು, ನಾಲ್ಕು ವರ್ಷದಿಂದ ತಯಾರಿದ್ದ ಒಂದು ಸಬೂಬನ್ನೂ ಹೊರಗೆ ತೆಗೆಯಲಿಲ್ಲ.

ಅಪ್ಪ “ಹೂಂ” ಅಂದರು. ಆಮೇಲೆ ತಮ್ಮನಿಗೇ ಹೇಳಿದರು: “ಚಹಾ ಆರಾಕತ್ತೈತಿ. ಕುಡಿ.”

ಕಾಕಾನನ್ನು ಬಸ್ಸಿಗೆ ಬಿಟ್ಟು ಬಂದಾಗ ಅಪ್ಪ ಇನ್ನೂ ಅಲ್ಲೇ ಕೂತಿದ್ದರು. ನಾಲ್ಕು ವರ್ಷ ಇಬ್ಬರ ಮಾತನ್ನೂ ಅತ್ತಿಂದಿತ್ತ ಒಯ್ದವಳು ನಾನು, ಅಪ್ಪನ ಮನಸ್ಸಿನಲ್ಲಿ ಏನಿದೆ ಅಂತ ಒಮ್ಮೆಯೂ ವಿಚಾರಿಸಿರಲಿಲ್ಲ. ಬದಿಗೆ ಕೂತು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕಿಟಕಿಯ ಕಡೆ ನೋಡಿದರು. ನಾನು ಕೇಳಿದ್ದು ಇಷ್ಟೇ:

“ಅಪ್ಪಾ, ನೀವು ಆಯಿಗೆ ಏನ್ ಹೇಳಬೇಕಂತ ಮಾಡಿದ್ರಿ?”