ನಾಲ್ಕು ಚುಕ್ಕಿಯ ಹೆಸರು

ಮೊಮ್ಮಕ್ಕಳೇ, ನಿಮ್ಮ ಮೆಸೇಜು ಓದುವಾಗ ನನಗೆ ಏದುಸಿರು ಬರುತ್ತದೆ. ಅಲ್ಪವಿರಾಮವಿಲ್ಲ, ಪೂರ್ಣವಿರಾಮವಿಲ್ಲ, ಬ್ರೇಕು ಹೋದ ಬಸ್ಸಿನಂತೆ ಒಂದೇ ಸಮನೆ ಓಡುತ್ತೀರಿ. ನಾನೋ, ಚುಕ್ಕಿಗೆ ಹೆದರಿದವಳು. ಹಳ್ಳಿಯ ಶಾಲೆ ಮುಗಿಸಿದ್ದೇ ದೊಡ್ಡದು ಎನ್ನುವಂಥ ನಾನು ಭಾಲ್ಕಿಗೆ ಟೈಪಿಂಗ್ ಕಲಿಯಲು ಹೋದೆ. ಜೋಳದ ರೊಟ್ಟಿ ಬಡಿದು ಗಟ್ಟಿಯಾದ ಕೈ. ಪೂರ್ಣವಿರಾಮ ಹೊಡೆದಾಗಲೆಲ್ಲ ಹಾಳೆ ತೂತು. ಮಾಸ್ತರರು ಹಾಳೆಯನ್ನು ಬೆಳಕಿಗೆ ಹಿಡಿದು, ತೂತಿನೊಳಗಿಂದ ನನ್ನನ್ನು ನೋಡಿ, "ಅಕ್ಕಾರ, ಇದು ರೊಟ್ಟಿ ಅಲ್ರಿ, ಕಾಗದ. ಜರಾ ಹಗೂರ!" ಎನ್ನುತ್ತಿದ್ದರು.

ಕಲಿಯಲೇಬೇಕಿತ್ತು. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷವೇ ಮಳೆ ಕೈಕೊಟ್ಟಿತು. ಅರ್ಧ ಊರು ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೊರಟಿತ್ತು, ನನ್ನ ಮೈದುನನೂ ಹೊರಟಿದ್ದ. "ವೈನಿ, ಔರಾದದಾಗ ನೌಕರಿ ಸಿಗಲಿಲ್ಲಂದ್ರ ಹುಡುಗರ ಸಾಲಿ ಬಿಡಿಸಿ ನಮ್ ಜೋಡಿ ಬಂದುಬಿಡ್ರಿ" ಎಂದಿದ್ದ. ಬರಗಾಲದ ಕಾಮಗಾರಿ ನೋಡಿಕೊಳ್ಳುವ ಕಚೇರಿಯಲ್ಲಿ ಟೈಪಿಸ್ಟ್ ನೌಕರಿ ಅದು. ಪರೀಕ್ಷೆಗೆಂದು ಸಾಹೇಬರು ಒಂದು ಕಾಗದ ಕೊಟ್ಟರು. ಇಂಥವನು ಕೆರೆಯ ಕೆಲಸ ಬಿಟ್ಟು ಮರದಡಿ ಮಲಗಿದ್ದಾನೆ, ಇನ್ನೊಮ್ಮೆ ಮಲಗಿದರೆ ಕೆಲಸದಿಂದ ತೆಗೆಯಲಾಗುವುದು ಎಂಬ ಎಚ್ಚರಿಕೆ. ಆ ಇಂಥವನ ಹೆಸರು ನೋಡಿ ನನ್ನ ಬೆರಳು ನಿಂತೇಬಿಟ್ಟವು. ಆಳು ಬೇರೆ, ಹೆಸರು ಮಾತ್ರ ನಿಮ್ಮ ಅಜ್ಜನದೇ! ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದುಂಟೇ? ನಾಲ್ಕಕ್ಷರಕ್ಕೆ ನಾಲ್ಕು ಚುಕ್ಕಿ, ಹಾಳೆ ತೂತಾಗದಂತೆ ಹಗುರಾಗಿ ಹೊಡೆದು ಮುಂದೆ ಹೋದೆ.

"ಹೆಸರೆಲ್ಲಿ ಹೋತ್ರಿ?" ಎಂದರು ಸಾಹೇಬರು.

ತಲೆ ತಗ್ಗಿಸಿದೆ. "ನಮ್ಮ ಮನಿಯವರದ್ರಿ."

"ಬಾಯಿಲೆ ಹೇಳಬ್ಯಾಡ್ರಿ. ಬೆರಳಿಗ್ಯಾವ ಶಾಸ್ತ್ರ? ಇನ್ನೊಂದ್ ಸಲ ಹೊಡೀರಿ. ಹೆಸರಿಲ್ಲಂದ್ರ ನೌಕರಿನೂ ಇಲ್ಲ."

ಮಕ್ಕಳ ಪಾಟಿಚೀಲ ಕಣ್ಣಮುಂದೆ ಬಂತು. ಕೀಲಿ ನೋಡದೆ ಹೊಡೆಯುವುದನ್ನು ಮಾಸ್ತರರು ಕಲಿಸಿದ್ದರಲ್ಲ, ಕಣ್ಣು ಮುಚ್ಚಿ ಹೊಡೆದುಬಿಟ್ಟೆ. ಹೊಡೆದ ಮೇಲೆ ಬರೀ ಹೆಸರು ಬಿಡಲು ಮನಸ್ಸು ಬರಲಿಲ್ಲ. ಸಾಹೇಬರು ಓದತೊಡಗಿದರು, ಅವರ ಮೀಸೆ ಕುಣಿಯತೊಡಗಿತು. "ಶ್ರೀಯುತರು ಮರದಡಿ ವಿಶ್ರಮಿಸಿರುತ್ತಾರೆ! ಏನವ್ವ, ನಾ ಬೈಲಿಕ್ಕ ಬರದೀನಿ, ನೀ ಆರತಿ ಮಾಡೀಯಲ್ಲ!"

"ಆ ಹೆಸರಿಗೆ ಅಷ್ಟು ಮರ್ಯಾದಿನರೆ ಬ್ಯಾಡೇನ್ರಿ?" ಎಂದೆ. ಆ ದಿನ ನಾನು ಧೈರ್ಯದಿಂದ ಆಡಿದ್ದು ಅದೊಂದೇ ಮಾತು.

ಅವರು ನಕ್ಕುಬಿಟ್ಟರು. "ಉಳಿದದ್ದರಾಗ ಒಂದು ಚುಕ್ಕಿ ಸುದ್ದಾ ತಪ್ಪಿಲ್ಲ. ನಾಳಿಲಿಂದ ಬರ್ರಿ."

ಮೈದುನ ನಮ್ಮನ್ನು ಬಿಟ್ಟು ಹೈದರಾಬಾದಿನ ಬಸ್ಸು ಹತ್ತಿದ. ಮಕ್ಕಳು ಶಾಲೆಗೆ ಹೋದರು. ನಾನು ನಿವೃತ್ತಳಾಗುವವರೆಗೂ ಆ ಹೆಸರಿನವನು ಎಂಥ ಮೈಗಳ್ಳನಾಗಿರಲಿ, ನಮ್ಮ ಕಚೇರಿಯಿಂದ ಅವನಿಗೆ 'ಶ್ರೀಯುತ' ಎಂದೇ ಕಾಗದ ಹೋಯಿತು. ಆ ಹೆಸರಿನ ಅಸಲಿ ಯಜಮಾನರು ಮನೆಯಲ್ಲಿದ್ದಾಗ ನಾನು ಇಷ್ಟು ಮರ್ಯಾದೆ ಕೊಟ್ಟಿದ್ದೆನೇ ಎಂದು ಮಾತ್ರ ನಿಮ್ಮಪ್ಪನನ್ನು ಕೇಳಬೇಡಿ.