ಹೆಂಡತಿಗೆ ನಾನು ಕೊಟ್ಟ ಸೊನ್ನೆ

ನನ್ನ ಹೆಂಡತಿ ಮಾಹಿತಿ ತಂತ್ರಜ್ಞಾನದ ಡಿಪ್ಲೊಮಾಕ್ಕೆ ಸೇರುತ್ತೇನೆ ಎಂದಾಗ ನಾನು ಬೇಡ ಎನ್ನಲಿಲ್ಲ. ಹಾಗೆನ್ನುವ ಧೈರ್ಯ ನನಗಿದ್ದಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು. ಹಲ್ಲಿನ ಆಸ್ಪತ್ರೆಯಲ್ಲಿ ಫೋನು ಎತ್ತಿ, ನೋವೆಂದು ಬಂದವರನ್ನು ಸರದಿಯಂತೆ ಒಳಗೆ ಕಳಿಸುವ ಕೆಲಸ ಅವಳದು.

"ಒಂದೇ ವರ್ಷ ರೀ. ಅರವತ್ತೈದು ಪರ್ಸೆಂಟ್ ಬಂದ್ರೆ ಯೂನಿವರ್ಸಿಟಿಯಲ್ಲಿ ನೇರವಾಗಿ ಎರಡನೇ ವರ್ಷಕ್ಕೇ ಸೀಟು!" ಎಂದಳು. ಕಣ್ಣು ಹೊಳೆಯುತ್ತಿತ್ತು. ಮದುವೆಯಾಗಿ ಹದಿನೆಂಟು ವರ್ಷವಾಯಿತು, ನನ್ನನ್ನು ನೋಡಿ ಆ ಕಣ್ಣು ಹಾಗೆ ಹೊಳೆದದ್ದು ನನಗಂತೂ ನೆನಪಿಲ್ಲ.

ಸಂಜೆಯಿಡೀ ನನಗೆ ಒಂದೇ ಚಿಂತೆ. ಅವಳು ಪದವೀಧರೆ, ನಾನು ಹೈಸ್ಕೂಲಿನ ಸರದಾರ! (ಅದೂ ಎರಡನೇ ದಂಡಯಾತ್ರೆಯಲ್ಲಿ ಗೆದ್ದದ್ದು.) ಪೀಠೋಪಕರಣಗಳ ಗೋದಾಮಿನಲ್ಲಿ ಕುರ್ಚಿ ಎಣಿಸುವ ನಾನು ಇನ್ನು ಮೇಲೆ ಯಾವ ಮುಖ ಇಟ್ಟುಕೊಂಡು ಅವಳ ಎದುರು ವಾದ ಮಾಡಲಿ? ಆಗ ಹೊಳೆಯಿತು ಆ ಅಮೋಘ ಉಪಾಯ. ನಾನೂ ಸೇರಿಬಿಟ್ಟರೆ ಹೇಗೆ?

"ನಿನಗೂ ಒಂದು ಜೊತೆ ಬೇಡ್ವೇನೇ?" ಎಂದೆ, ತ್ಯಾಗಮೂರ್ತಿಯ ಧ್ವನಿಯಲ್ಲಿ.

"ಯಾರು, ನೀವಾ? ರಿಮೋಟಿಗೆ ಬ್ಯಾಟರಿ ಉಲ್ಟಾ ಹಾಕಿ, ಟೀವಿ ಕೆಟ್ಟಿದೆ ಅಂತ ರಿಪೇರಿಯವನನ್ನ ಕರೆಸಿದವರು?"

"ಅದಕ್ಕೇ ಕಲೀಬೇಕು ಅಂತಿರೋದು."

ಸಂಜೆ ಕಾಲೇಜಿಗೆ ಸೇರಿದೆವು. ಅವಳು ಮೊದಲ ಬೆಂಚು, ನಾನು ಕೊನೆಯ ಬೆಂಚು. ವರ್ಷದ ಕೊನೆಗೆ ಪ್ರಾಜೆಕ್ಟ್ ಬಂತು. ಇಬ್ಬಿಬ್ಬರು ಸೇರಿ ಒಂದು ನಿಜವಾದ ಜಾಗಕ್ಕೆ ಉಪಯೋಗವಾಗುವ ಸಾಫ್ಟ್‌ವೇರ್ ಮಾಡಬೇಕು. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ನಮ್ಮಿಬ್ಬರ ವಿಳಾಸ ಒಂದೇ ಇದ್ದದ್ದನ್ನು ನೋಡಿ, ಅನುಕೂಲವಾಗಲಿ ಎಂದು ನಮ್ಮನ್ನು ಒಂದೇ ತಂಡಕ್ಕೆ ಹಾಕಿದರು. ಆ ಪುಣ್ಯಾತ್ಮರಿಗೆ ಮದುವೆಯಾಗಿರಲಿಲ್ಲ.

ಹಲ್ಲಿನ ಆಸ್ಪತ್ರೆಗೆ ಬರುವವರ ಸರದಿ ನೋಡಿಕೊಳ್ಳುವ ಸಾಫ್ಟ್‌ವೇರ್ ಎಂದು ಅವಳೇ ನಿರ್ಧರಿಸಿದಳು. ಮೊದಲ ಪುಟ ಮಾತ್ರ ನನಗೇ ಬಿಡು ಎಂದು ಹಠ ಹಿಡಿದೆ. ಬಿಟ್ಟಳು. ಅವಳು ಉಳಿದದ್ದನ್ನೆಲ್ಲ ಬರೆದು ಮುಗಿಸುವ ಹೊತ್ತಿಗೆ ನಾನು ಬಟನ್ನಿಗೆ ಯಾವ ಬಣ್ಣ ಎಂಬಲ್ಲಿಗೆ ಬಂದಿದ್ದೆ. ಮೂರು ವಾರ ಹಿಡಿಯಿತು. ಬಣ್ಣ ಎಂದರೆ ಹುಡುಗಾಟವೇ?

"ಪುಟದ ಹಿನ್ನೆಲೆಯಲ್ಲಿ ಮೀನುಗಳು ಈಜಾಡ್ತಿರಲಿ" ಎಂದೆ, ಇಡೀ ತರಗತಿಯ ಎದುರು.

"ಹಲ್ಲುನೋವು ಅಂತ ಬಂದವರಿಗೆ ಮೀನು ಯಾಕೆ ರೀ?"

"ನೋಡಿದ್ರೆ ಮನಸ್ಸಿಗೆ ಶಾಂತಿ."

"ಮೊದಲು ಪಾಸ್‌ವರ್ಡ್ ಸರಿ ಮಾಡಿ. ಏನು ಒತ್ತಿದ್ರೂ ಒಳಗೆ ಬಿಡ್ತಾ ಇದೆ ನಿಮ್ಮ ಪುಟ!"

ತರಗತಿ ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಸರಿಯಾಗಿ ಅದೇ ವಾರ ಒಂದು ಫಾರಂ ಬಂತು. ಪ್ರತಿಯೊಬ್ಬರೂ ತಮ್ಮ ಜೊತೆಗಾರರಿಗೆ ಗುಟ್ಟಾಗಿ ಅಂಕ ಕೊಡಬೇಕಂತೆ. (ತಂಡದಲ್ಲಿ ಇರುವವರೇ ಇಬ್ಬರು. ಅದರಲ್ಲಿ ಗುಟ್ಟೇನು ಬಂತು?) ಸಮಯಕ್ಕೆ ಬರುತ್ತಾರೆಯೇ? ಐದಕ್ಕೆ ಐದು. ಹಿಡಿದ ಕೆಲಸ ಮುಗಿಸುತ್ತಾರೆಯೇ? ಐದು. ನಾನು ನ್ಯಾಯವಂತ. ಆದರೆ ಕೊನೆಯ ಪ್ರಶ್ನೆ, 'ಜೊತೆಗಾರರ ಅಭಿಪ್ರಾಯಕ್ಕೆ ಕಿವಿಗೊಡುತ್ತಾರೆಯೇ?' ಕಂಡದ್ದೇ ಮೀನುಗಳು ಕಣ್ಣ ಮುಂದೆ ಬಂದವು. ಸೊನ್ನೆ ಒತ್ತಿದೆ. ಕೆಳಗೆ ಟಿಪ್ಪಣಿಗೆ ಜಾಗವಿತ್ತು. 'ಹದಿನೆಂಟು ವರ್ಷಗಳ ನಿಕಟ ಅಧ್ಯಯನದ ನಂತರ ಈ ತೀರ್ಮಾನಕ್ಕೆ ಬಂದಿದ್ದೇನೆ' ಎಂದು ಬರೆದು ಕಳಿಸಿಬಿಟ್ಟೆ. ಆಹಾ, ಏನು ಸುಖ!

ಆ ಸುಖ ಫಲಿತಾಂಶ ಬರುವ ತನಕ ಇತ್ತು. ಅವಳಿಗೆ ಅರವತ್ನಾಲ್ಕು.

ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವಳು ಕೂಗಾಡಲಿಲ್ಲ. ಒಗೆದ ಬಟ್ಟೆ ಮಡಚಲು ಕೂತು, ಒಂದೇ ಟವೆಲನ್ನು ಮೂರು ಸಲ ಬಿಚ್ಚಿ ಮಡಚಿದಳು. "ಎಲ್ಲಿ ಹೋಯ್ತು ರೀ ಆ ಒಂದು ಪರ್ಸೆಂಟು?" ಎಂದಳು. ನಾನು ನನ್ನ ಅಂಕಪಟ್ಟಿ ನೋಡಿದೆ. ಸರಿಯಾಗಿ ಐವತ್ತು, ಅಂಚಿನಲ್ಲಿ ಪಾಸು. ಅದೂ ಅವಳ ಕೃಪೆ. ಐದೂ ಪ್ರಶ್ನೆಗಳಿಗೆ ನನಗೆ ಐದೈದು ಕೊಟ್ಟಿದ್ದಳಂತೆ, ಅವಳೇ ಹೇಳಿದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮರುದಿನವೇ ಮೇಷ್ಟ್ರ ಮುಂದೆ ನಿಂತೆ. "ಸಾರ್, ಕೈ ಜಾರಿ ಸೊನ್ನೆ ಒತ್ತಿಬಿಟ್ಟೆ."

"ಟಿಪ್ಪಣಿಯೂ ಕೈ ಜಾರಿಯೇ ಬಂತೇನ್ರೀ?"

ಅಂಕ ಬದಲಿಸಲು ನಿಯಮವಿದೆ ಎಂದರು. ಆಕೆ ನಿಮ್ಮ ಮಾತು ಕೇಳಿದ ಐದು ಸಂದರ್ಭಗಳನ್ನು ಪುರಾವೆಯಾಗಿ ಬರೆದು, ಮೂವರ ಸಮಿತಿಯ ಮುಂದೆ, ಆಕೆಯ ಎದುರಿನಲ್ಲೇ ಓದಬೇಕು. ಅಂದರೆ ಸೊನ್ನೆಯ ವಿಷಯ ಮನೆಯಲ್ಲಿ ನಾನೇ ಬಾಯಿಬಿಡಬೇಕು. ಬಿಟ್ಟೆ. ಅವಳು ಎರಡು ದಿನ ನನ್ನೊಡನೆ ಮಗಳ ಮೂಲಕ ಮಾತಾಡಿದಳು. "ಅಪ್ಪನಿಗೆ ಊಟಕ್ಕೆ ಬಾ ಅನ್ನು." ನಾನು ಪಕ್ಕದಲ್ಲೇ ಕೂತಿದ್ದೆ.

ಪುರಾವೆ ಬರೆಯಲು ಕೂತಾಗ ತಿಳಿಯಿತು, ನನ್ನ ಮಾತು ಅವಳು ಕೇಳಿದ್ದು ಕಡಿಮೆಯೇನಲ್ಲ. ಕೇಳಿದಾಗಲೆಲ್ಲ ಏನಾಯಿತು ಎಂಬುದೇ ತೊಡಕು. ಸಮಿತಿಯ ಮುಂದೆ ಬೆವರು ಒರೆಸಿಕೊಳ್ಳುತ್ತ ಓದಿದೆ.

"ಒಂದು. ಗೋದಾಮಿನವನ ಮಾತು ಎಂದು ನಂಬಿ ನಾನು ಹೇಳಿದ ಸೋಫಾವನ್ನೇ ತರಲು ಒಪ್ಪಿದಳು. ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಕಾಲು ಕುಯ್ದು ಒಳಗೆ ತಂದೆವು. ಎರಡು. ಅವಳ ತಂಗಿಯ ಮದುವೆಗೆ ನಾನು ತೋರಿಸಿದ ಅಡ್ಡದಾರಿಯಲ್ಲೇ ಬಂದಳು. ತಲುಪಿದಾಗ ಪಾತ್ರೆ ತೊಳೆಯುತ್ತಿದ್ದರು. ಮೂರು. ಮಗಳ ಕೂದಲು ನಾನೇ ಕತ್ತರಿಸುತ್ತೇನೆ ಎಂದಾಗ ಕತ್ತರಿ ಕೊಟ್ಟಳು. ಆ ವರ್ಷದ ಶಾಲೆಯ ಫೋಟೋದಲ್ಲಿ ಮಗಳು ಟೋಪಿ ಹಾಕಿದ್ದಾಳೆ. ನಾಲ್ಕು. ಪ್ರಾಜೆಕ್ಟಿನ ಮೊದಲ ಪುಟ ನನಗೆ ಬಿಡು ಎಂದೆ, ಬಿಟ್ಟಳು. ಕೊನೆಗೆ ಅದನ್ನೂ ಅವಳೇ ಮಾಡಬೇಕಾಯಿತು."

ಸಮಿತಿಯವರು ಅಷ್ಟು ಹೊತ್ತಿಗೆ ಕರ್ಚೀಫು ಕಚ್ಚಿ ಹಿಡಿದಿದ್ದರು. ನಾನು ಹಾಳೆ ತಿರುಗಿಸಿದೆ.

"ಐದು. ಮದುವೆಯಾದ ಹೊಸದರಲ್ಲಿ ಅವಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಓದು ಎಲ್ಲಿ ಓಡಿಹೋಗುತ್ತದೆ, ಮೊದಲು ಸಂಸಾರ ನೆಲೆಗೆ ನಿಲ್ಲಲಿ ಎಂದೆ. ಅದನ್ನೂ ಕೇಳಿದಳು. ಹದಿನೆಂಟು ವರ್ಷ ಕೇಳಿದಳು."

ಯಾರೂ ನಗಲಿಲ್ಲ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಸಮಿತಿಯ ಹಿರಿಯ ಮೇಡಂ ಕನ್ನಡಕ ತೆಗೆದು ಒರೆಸಿ, ಸೊನ್ನೆಯನ್ನು ಹೊಡೆದುಹಾಕಿ ಐದು ಬರೆದರು. ಅರವತ್ನಾಲ್ಕು ಅರವತ್ತೈದಾಯಿತು. ನಾನು ಗೆದ್ದೆನೆಂದು ಏಳುವಷ್ಟರಲ್ಲಿ ಮೇಡಂ, "ಒಂದು ನಿಮಿಷ" ಎಂದರು. "ನಾಲ್ಕನೇ ಪುರಾವೆ ಪ್ರಕಾರ ಮೊದಲ ಪುಟವೂ ಆಕೆಯದೇ. ಹಾಗಾದರೆ ಪ್ರಾಜೆಕ್ಟಿನಲ್ಲಿ ನೀವು ಮಾಡಿದ್ದೇನು?"

"ಬಟನ್ನಿನ ಬಣ್ಣ, ಮೇಡಂ."

ನನ್ನ ಐವತ್ತು ಅಲ್ಲೇ ಮೂವತ್ತೊಂದಕ್ಕೆ ಇಳಿಯಿತು.

ಮನೆಗೆ ನಡೆದು ಬರುವಾಗ ಅವಳು ನನ್ನ ಪಕ್ಕಕ್ಕೆ ಬಂದಳು. "ಐದನೇದು ನಿಮಗೆ ನೆನಪಿರುತ್ತೆ ಅಂದ್ಕೊಂಡಿರಲಿಲ್ಲ."

"ತಪ್ಪಾಯ್ತು ಕಣೇ" ಎಂದೆ. ಇಷ್ಟು ಸಣ್ಣ ಮಾತಿಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಅವಳು ನನ್ನ ಕೈಚೀಲವನ್ನು ತಾನೇ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು.

ಈಗ ಅವಳು ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ. ನಾನು ಡಿಪ್ಲೊಮಾದಲ್ಲಿ ಎರಡನೇ ಸಲ. ಕಳೆದ ಸೋಮವಾರ ಲ್ಯಾಬಿನಲ್ಲಿ ಮೇಷ್ಟ್ರು, "ಇನ್ನು ಮೇಲೆ ಲ್ಯಾಬಿಗೆ ನನ್ನ ಸಹಾಯಕ್ಕೆ ಯೂನಿವರ್ಸಿಟಿಯ ವಿದ್ಯಾರ್ಥಿಯೊಬ್ಬರು ಬಂದು ಪಾಠ ಹೇಳ್ತಾರೆ. ನಿಮ್ಮ ಲ್ಯಾಬಿನ ಅಂಕವೂ ಅವರ ಕೈಯಲ್ಲೇ" ಎಂದರು. ಬಾಗಿಲು ತೆರೆಯಿತು. ಬೆಳಿಗ್ಗೆ ನನ್ನ ಎದುರೇ ಕೂತು ತಿಂಡಿ ತಿಂದವಳು, ಒಂದು ಮಾತೂ ಹೇಳದೆ ಹೊರಟವಳು, ಹಾಜರಿ ಪುಸ್ತಕ ಹಿಡಿದು ಒಳಗೆ ಬಂದಳು. ಒಂದೊಂದೇ ನಂಬರ್ ಕೂಗುತ್ತ ನನ್ನದಕ್ಕೆ ಬಂದು, ತಲೆಯೆತ್ತದೆ ಕಾದಳು.

ನಾನು ಎದ್ದು ನಿಂತು, "ಬಂದಿದ್ದೀನಿ, ಮೇಡಂ" ಎಂದೆ.